ಊರಿನ ಲೆಕ್ಕ ಊರ ಮಕ್ಕಳೇ ಬರೆದರೆ...

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಿಗೆ ಹೋದರೆ, ಓಣಿಗೆ ಒಂದೆರಡಾದರೂ ಬೀಗ ಹಾಕಿದ ಬಾಗಿಲುಗಳು ಕಣ್ಣಿಗೆ ಬೀಳುತ್ತವೆ. ಆ ಮನೆಯವರು ಶಾಶ್ವತವಾಗಿ ಊರು ಬಿಟ್ಟವರಲ್ಲ, ಗುಳೆ ಹೋದವರು. ಕೆಲವರು ಮಹಾರಾಷ್ಟ್ರದ ಕಬ್ಬಿನ ಹೊಲಗಳಿಗೆ, ಕೆಲವರು ಗೋವಾಕ್ಕೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಯುಗಾದಿಗೋ ಊರ ಜಾತ್ರೆಗೋ ತಿರುಗಿ ಬರುತ್ತಾರೆ. ಈ ನಡುವೆ ಯಾವುದಾದರೂ ಸಮೀಕ್ಷೆಯವರು ಬಂದರೆ, ಅವರ ಕಾಗದದಲ್ಲಿ ಆ ಮನೆಯ ಎದುರು ‘ಬೀಗ ಹಾಕಿದೆ’ ಎಂಬ ಎರಡು ಮಾತು ಮಾತ್ರ ಬೀಳುತ್ತವೆ.

ಆದರೆ ಪಕ್ಕದ ಮನೆಯಿಂದ ದಿನಾ ಬಸ್ಸು ಹತ್ತಿ ತಾಲೂಕು ಸ್ಥಳದ ಕಾಲೇಜಿಗೆ ಹೋಗುವ ಬಿ.ಎ. ಹುಡುಗಿಗೆ ಎಲ್ಲವೂ ಗೊತ್ತಿರುತ್ತದೆ. ಆ ಮನೆಯಲ್ಲಿ ಎಷ್ಟು ಜನ, ಯಾವ ಮಗುವಿನ ಶಾಲೆ ಅರ್ಧಕ್ಕೆ ನಿಂತಿತು, ವಯಸ್ಸಾದ ಅಜ್ಜಿಯನ್ನು ಯಾರ ಭರವಸೆಯ ಮೇಲೆ ಬಿಟ್ಟು ಹೋದರು ಎಂಬುದನ್ನು ಅವಳು ಯಾವ ಕಾಗದವನ್ನೂ ನೋಡದೆ ಹೇಳಬಲ್ಲಳು. ಅವಳನ್ನು ಯಾರೂ ಕೇಳುವುದಿಲ್ಲ. ಅವಳಿಗೂ ಇದನ್ನು ಬರೆದಿಡಬೇಕು, ಬರೆದದ್ದನ್ನು ಇಂಥ ಕಡೆ ಕೊಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ.

ಸ್ಥಳೀಯ ಆಡಳಿತ, ನೀತಿ ನಿರೂಪಣೆ, ಸಂಶೋಧನೆ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ಅದು ಬೆಂಗಳೂರು, ದೆಹಲಿಯ ಪಂಡಿತರ ಕೆಲಸ ಎಂದು ನಮ್ಮ ಪದವಿ ವಿದ್ಯಾರ್ಥಿಗಳು ದೂರ ಸರಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ತನ್ನ ಊರಿನ ಒಂದು ಕೊರತೆಯನ್ನು ಎಣಿಸಿ, ಸರಕಾರದ ಕಾಗದದೊಂದಿಗೆ ತಾಳೆ ನೋಡಿ, ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸುವ ಕೆಲಸಕ್ಕೆ ಯಾವ ದೊಡ್ಡ ಪದವಿಯೂ ಬೇಕಿಲ್ಲ. ಅದಕ್ಕೆ ಬೇಕಾದ ಹಕ್ಕುಗಳನ್ನು ಕಾನೂನು ಈಗಾಗಲೇ ಕೊಟ್ಟಿದೆ. ಅವು ಯಾವುವು, ಅವುಗಳನ್ನು ಬಳಸುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೇರೆಯವರು ಬರೆದ ಲೆಕ್ಕ

ನಮ್ಮ ಜಿಲ್ಲೆಯ ಲೆಕ್ಕವನ್ನು ಬಹುಕಾಲದಿಂದ ಹೊರಗಿನವರೇ ಬರೆಯುತ್ತ ಬಂದಿದ್ದಾರೆ. 1876-78ರ ಭೀಕರ ಬರದ ನಂತರ, ಮುಂಬಯಿ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ವಿಜಾಪುರದ ಸಂಪುಟ 1884ರಲ್ಲಿ ಹೊರಬಂತು. ಬೆಳೆ, ಬಾವಿ, ಜಾತಿ, ಸಂತೆ, ಸಾಲ ಎಲ್ಲವನ್ನೂ ಅದರಲ್ಲಿ ದಾಖಲಿಸಲಾಗಿದೆ. ಇಂದಿಗೂ ಅದು ಉಪಯುಕ್ತ ಗ್ರಂಥ. ಆದರೆ ಅದು ಕಂದಾಯ ವಸೂಲು ಮಾಡುವ ಅಧಿಕಾರಿಯ ಕಣ್ಣಿಗೆ ಕಂಡ ಜಿಲ್ಲೆ ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಕಾಲಕ್ಕೆ ಬಂದರೆ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ನೆನೆಯಬೇಕು. ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕಾಗಿ 2000ದಲ್ಲಿ ನೇಮಕವಾದ ಈ ಸಮಿತಿ 2002ರಲ್ಲಿ ವರದಿ ಸಲ್ಲಿಸಿತು. ಕೃಷಿ, ಕೈಗಾರಿಕೆ, ಆರೋಗ್ಯ, ಶಿಕ್ಷಣ ಮುಂತಾದ 35 ಸೂಚಕಗಳನ್ನು ಒಟ್ಟುಗೂಡಿಸಿ, ಅಂದಿನ 175 ತಾಲೂಕುಗಳಿಗೂ ಒಂದೊಂದು ಅಂಕ ಕೊಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ ಈ ವರದಿಯೇ ಆಧಾರವಾಯಿತು. ಅಂಕಿ ಅಂಶ ಇದ್ದ ಕಡೆಗೆ ಹಣ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಇದೇ ವಿಷಯವನ್ನು ಹೊಸದಾಗಿ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು.

ಈ ಬಗೆಯ ವರದಿಗಳಿಗೆ ಒಂದು ಸಹಜ ಮಿತಿ ಉಂಟು. ಅವು ಮಾತನಾಡುವುದು ಸರಾಸರಿಯ ಭಾಷೆಯಲ್ಲಿ. ಒಂದು ತಾಲೂಕಿನಲ್ಲಿ 100 ಹಳ್ಳಿಗಳಿವೆ ಎಂದುಕೊಳ್ಳೋಣ. 90 ಹಳ್ಳಿಗಳಿಗೆ ವಾರಕ್ಕೆ ಮೂರು ದಿನ ನೀರು ಬರುತ್ತದೆ, 10 ಹಳ್ಳಿಗಳಿಗೆ ಹದಿನೈದು ದಿನಕ್ಕೊಮ್ಮೆಯೂ ಬರುವುದಿಲ್ಲ. ತಾಲೂಕಿನ ಸರಾಸರಿ ನೋಡಿದವರಿಗೆ ಪರಿಸ್ಥಿತಿ ಅಷ್ಟೇನೂ ಕೆಟ್ಟಿಲ್ಲ ಎನಿಸುತ್ತದೆ. ಆ ಹತ್ತು ಹಳ್ಳಿಗಳ ಹೆಂಗಸರು ಹೊರುವ ಕೊಡಗಳು ಸರಾಸರಿಯೊಳಗೆ ಕರಗಿ ಹೋಗುತ್ತವೆ. ಒಂದೇ ಹಳ್ಳಿಯಲ್ಲಿ ಅಗಸಿಯ ಹತ್ತಿರದ ಓಣಿಗೂ ಊರ ಹೊರಗಿನ ಕೇರಿಗೂ ಇರುವ ಅಂತರವಂತೂ ಯಾವ ಕೋಷ್ಟಕಕ್ಕೂ ಇಳಿಯುವುದಿಲ್ಲ.

ಇನ್ನೊಂದು ತೊಡಕು ಅಂಕಿಗಳ ವಯಸ್ಸಿನದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 21.77 ಲಕ್ಷ, ಸಾಕ್ಷರತೆ ಶೇಕಡಾ 67ರಷ್ಟು. ರಾಜ್ಯದ ಸಾಕ್ಷರತೆ ಆಗ ಶೇಕಡಾ 75ಕ್ಕೂ ಹೆಚ್ಚಿತ್ತು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಪಡಿಸಲಾಯಿತು. ಹದಿನೈದು ವರ್ಷಗಳ ಹಿಂದೆ ತೊಟ್ಟಿಲಲ್ಲಿದ್ದ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಾದರೂ ಯೋಜನೆಗಳಿಗೆ ಅದೇ ಹಳೆಯ ಅಂಕಿ ಆಧಾರವಾಗಿ ಉಳಿಯಿತು.

ಈ ಮಧ್ಯೆ ಭೂಪಟವೂ ಬದಲಾಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆಮೇಲೆ ತಾಲೂಕುಗಳು ಒಡೆದವು. ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊರಬಂದವು. 2011ರ ಕೋಷ್ಟಕದಲ್ಲಿ ಕಾಣುವ ಸಿಂದಗಿ ತಾಲೂಕು ಬೇರೆ, ಇಂದಿನ ಸಿಂದಗಿ ತಾಲೂಕು ಬೇರೆ. ಇದನ್ನು ಗಮನಿಸದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಪ್ರಗತಿಯ ಲೆಕ್ಕ ಹಾಕಿದರೆ ಉತ್ತರ ತಪ್ಪುವುದು ಖಚಿತ. ಹೊಸ ತಾಲೂಕಿನ ಹಳ್ಳಿಗಳನ್ನು ಒಂದೊಂದಾಗಿ ಗುರುತಿಸಿ ಹಳೆಯ ಅಂಕಿಗಳನ್ನು ಮರುಜೋಡಿಸುವುದೇ ಒಬ್ಬ ಪದವಿ ವಿದ್ಯಾರ್ಥಿಗೆ ಮೊದಲ ಸಂಶೋಧನೆಯಾಗಬಹುದು. ಅದಕ್ಕೆ ಗ್ರಾಮವಾರು ಜನಗಣತಿ ಪಟ್ಟಿ, ಒಂದು ನೋಟುಬುಕ್ಕು ಮತ್ತು ತಾಳ್ಮೆ ಇದ್ದರೆ ಸಾಕು.

ವಿದ್ಯಾರ್ಥಿಗಳು ಹಿಂದೆಯೂ ಮಾಡಿದ್ದರು

ಕಾಲೇಜು ಹುಡುಗರು ಊರು ಎಣಿಸುವುದು ಹೊಸ ಆಲೋಚನೆಯೇನಲ್ಲ. ಮದ್ರಾಸ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ 1916ರಲ್ಲಿ ಒಂದು ಪ್ರಶ್ನಾವಳಿ ತಯಾರಿಸಿ ತಮ್ಮ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ರಜೆಗೆ ಊರಿಗೆ ಹೋದಾಗ ಜಮೀನು, ಕೂಲಿ, ಸಾಲ, ದನಕರು, ಊಟ ಇವುಗಳ ವಿವರ ಬರೆದು ತನ್ನಿ ಎಂದರು. ಹೀಗೆ ಬಂದ ವರದಿಗಳನ್ನು ಸಂಪಾದಿಸಿ ದಕ್ಷಿಣ ಭಾರತದ ಕೆಲವು ಹಳ್ಳಿಗಳ ಕುರಿತು 1918ರಲ್ಲಿ ಪುಸ್ತಕ ಪ್ರಕಟಿಸಿದರು. ಅದೇ ಹಳ್ಳಿಗಳಿಗೆ ಇಪ್ಪತ್ತು ವರ್ಷಗಳ ಮೇಲೆ ಬೇರೆ ವಿದ್ವಾಂಸರು ಹೋದರು, ಮತ್ತೆ ಹಲವು ಬಾರಿ ಹೋದರು. ವಿದ್ಯಾರ್ಥಿಗಳು ರಜೆಯಲ್ಲಿ ಬರೆದು ತಂದ ಕಾಗದ, ಹಳ್ಳಿಯೊಂದು ದಶಕಗಳಲ್ಲಿ ಹೇಗೆ ಬದಲಾಯಿತು ಎಂದು ಅಳೆಯುವ ಮೊದಲ ಅಳತೆಗೋಲಾಯಿತು.

ಅದೇ ವೇಳೆಗೆ ನಮ್ಮ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ, ಪುಣೆ ಕೃಷಿ ಕಾಲೇಜಿನ ಪ್ರಾಂಶುಪಾಲ ಹೆರಾಲ್ಡ್ ಮನ್ ಅವರು ಪಿಂಪ್ಳೆ ಸೌದಾಗರ್ ಎಂಬ ಹಳ್ಳಿಯನ್ನು ಮನೆಮನೆಯಾಗಿ ಅಭ್ಯಾಸ ಮಾಡಿ 1917ರಲ್ಲಿ ವರದಿ ಪ್ರಕಟಿಸಿದರು. ದಖ್ಖನದ ರೈತನ ಜಮೀನು ಎಷ್ಟು ಚೂರುಚೂರಾಗಿದೆ, ಸಾಲ ಅವನನ್ನು ಹೇಗೆ ಹಿಡಿದಿದೆ ಎಂಬುದು ಆಗ ಅಂಕಿಗಳಲ್ಲಿ ಕಾಣಿಸಿತು.

ಸ್ವಾತಂತ್ರ್ಯಾನಂತರ ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್. ಇದೇ ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳ ಸೇವಾ ಯೋಜನೆಯೂ ಸಮಾಜ ಸಂಶೋಧನೆಯ ಸಂಸ್ಥೆಯೂ ಒಬ್ಬರ ಕೈಯಿಂದಲೇ ಚಾಲನೆ ಪಡೆದವು. ಆದರೆ ಕಾಲೇಜುಗಳಲ್ಲಿ ಸೇವೆ ಉಳಿಯಿತು, ಸಂಶೋಧನೆ ಜಾರಿ ಹೋಯಿತು.

ಈ ಮಾತಿಗೆ ನನ್ನ ಅನುಭವವೇ ಸಾಕ್ಷಿ. ಪದವಿಯ ಎರಡನೇ ವರ್ಷ ಏಳು ದಿನದ ಶಿಬಿರಕ್ಕೆ ಹಳ್ಳಿಯೊಂದಕ್ಕೆ ಹೋಗಿದ್ದೆವು. ರಸ್ತೆ ಗುಡಿಸಿದೆವು, ಗಟಾರ ಬಳಿದೆವು, ರಾತ್ರಿ ನಾಟಕವಾಡಿದೆವು. ಒಂದು ದಿನ ಮನೆಮನೆಗೆ ಹೋಗಿ ಶೌಚಾಲಯ, ನೀರು, ಶಾಲೆ ಬಿಟ್ಟ ಮಕ್ಕಳ ವಿವರವನ್ನು ಒಂದು ನಮೂನೆಯಲ್ಲಿ ತುಂಬಿದ್ದೂ ಉಂಟು. ಆ ನಮೂನೆಗಳು ಕಟ್ಟು ಕಟ್ಟಿಸಿಕೊಂಡು ಕಾಲೇಜಿನ ಒಂದು ಕಪಾಟು ಸೇರಿದವು. ಒಂದು ಪ್ರತಿಯೂ ಆ ಊರಿನ ಪಂಚಾಯತಿಗೆ ಹೋಗಲಿಲ್ಲ. ಹೆಸರು, ವಯಸ್ಸು ಹೇಳಿ ನಮಗೆ ಚಹಾ ಕೊಟ್ಟ ತಾಯಂದಿರಿಗೆ ನಾವು ಉತ್ತರ ಕೊಡಬೇಕಿತ್ತು ಎಂಬುದು ಆಗ ಹೊಳೆಯಲಿಲ್ಲ.

ಎಣಿಕೆ ಸರಿಯಾಗಿ ನಡೆದು ಸರಿಯಾದ ಕಡೆ ತಲುಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2005ರಿಂದ ನಡೆದು ಬಂದ ‘ಅಸರ್’ ಶಿಕ್ಷಣ ಸಮೀಕ್ಷೆ ಅಂಥದ್ದು. ಪ್ರಥಮ್ ಸಂಸ್ಥೆ ಆರಂಭಿಸಿದ ಈ ಸಮೀಕ್ಷೆಯಲ್ಲಿ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆಗಳನ್ನು ಆರಿಸಿ, ಮಕ್ಕಳಿಗೆ ಓದು ಮತ್ತು ಲೆಕ್ಕದ ಸರಳ ಪರೀಕ್ಷೆ ಕೊಡುತ್ತಾರೆ. ಮನೆಮನೆಗೆ ಹೋಗುವವರಲ್ಲಿ ಆಯಾ ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳ ಸಂಖ್ಯೆಯೇ ದೊಡ್ಡದು. ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂಬ ಸತ್ಯ ಸಂಸತ್ತಿನ ಚರ್ಚೆಯವರೆಗೆ ತಲುಪಿದ್ದು ಇಂಥ ಸ್ವಯಂಸೇವಕರ ಕಾಲ್ನಡಿಗೆಯಿಂದ.

ನಮ್ಮ ರಾಜ್ಯದ ಕುಂದಾಪುರ ಭಾಗದಲ್ಲಿ ಇದಕ್ಕೂ ಚಿಕ್ಕವರು ಈ ಕೆಲಸ ಮಾಡಿದ್ದಾರೆ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ ಮತ್ತು ಆ ದಶಕದಲ್ಲೇ ಹುಟ್ಟಿದ ಮಕ್ಕಳ ಪಂಚಾಯತಿಗಳು ಕಾಲುಸಂಕ, ಶಾಲೆಯ ದಾರಿ, ಕಟ್ಟಿಗೆ ಹೊರುವ ಕೆಲಸ ಮುಂತಾದ ವಿಷಯಗಳಲ್ಲಿ ತಾವೇ ಮಾಹಿತಿ ಕೂಡಿಸಿ ಹಿರಿಯರ ಪಂಚಾಯತಿಯ ಮುಂದಿಟ್ಟವು. ಮುಂದೆ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಪದ್ಧತಿ ಬಂದುದರ ಹಿಂದೆ ಈ ಅನುಭವವಿದೆ. ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಹೀಗೆ ಒಂದು ಸಭೆ ಉಂಟು. ನಲವತ್ತು ದಾಟಿದವರು ಹೇಗೂ ಗ್ರಾಮಸಭೆಯಲ್ಲಿ ಕಾಣುತ್ತಾರೆ. ನಡುವಿನ ಕಾಲೇಜು ವಯಸ್ಸಿನವರು ಮಾತ್ರ ಎರಡೂ ಕಡೆ ಕಾಣುವುದಿಲ್ಲ.

ಕಾನೂನು ತೆರೆದಿಟ್ಟ ಬಾಗಿಲುಗಳು

ಗ್ರಾಮಸಭೆ ಎಂದರೆ ಪಂಚಾಯತಿಯವರು ಕರೆದರೆ ಹೋಗುವ ಕಾರ್ಯಕ್ರಮ ಎಂಬ ಭಾವನೆ ಬಹಳ ಕಡೆ ಇದೆ. ಸಂವಿಧಾನ ಹೇಳುವುದು ಬೇರೆ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದಿತು. ಅದರಂತೆ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಮತದಾನದ ವಯಸ್ಸು 1989ರಿಂದ 18. ಅಂದರೆ ಬಿ.ಎ. ಮೊದಲ ವರ್ಷದ ಹುಡುಗನೂ ಹುಡುಗಿಯೂ ಕಾನೂನಿನ ಪ್ರಕಾರ ಆಗಲೇ ಈ ಸಭೆಯ ಸದಸ್ಯರು. ಮಾಡಬೇಕಾದ ಮೊದಲ ಕೆಲಸ ಒಂದೇ: ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳುವುದು. 18 ತುಂಬಿದವರು ಹೆಸರು ಸೇರಿಸಲು ಮೊದಲಿನಂತೆ ಜನವರಿ 1ರ ಒಂದೇ ದಿನಾಂಕಕ್ಕೆ ಕಾಯಬೇಕಿಲ್ಲ. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಫಲಾನುಭವಿಗಳ ಆಯ್ಕೆ, ಕಾಮಗಾರಿಗಳ ಆದ್ಯತೆ, ಕ್ರಿಯಾ ಯೋಜನೆ ಎಲ್ಲವೂ ಇಲ್ಲಿ ಚರ್ಚೆಗೆ ಬರಬೇಕು. ಇದರಲ್ಲಿ ವಾರ್ಡ್ ಸಭೆಯೇ ವಿದ್ಯಾರ್ಥಿಗೆ ಹೆಚ್ಚು ಅನುಕೂಲ. ಜನ ಕಡಿಮೆ, ಎಲ್ಲರೂ ಪರಿಚಿತರು, ಮಾತು ದಾರಿ ತಪ್ಪುವುದು ಕಡಿಮೆ. ವರ್ಷಕ್ಕೊಮ್ಮೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಪಂಚಾಯತಿಯ ಲೆಕ್ಕಪತ್ರಗಳನ್ನು ಜನರ ಮುಂದೆ ತೆರೆದಿಡುವ ಜಮಾಬಂದಿಯೂ ಉಂಟು. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಪಠ್ಯದ ಜಮಾ-ಖರ್ಚಿಗಿಂತ ಇದು ಹೆಚ್ಚು ಕಲಿಸಬಲ್ಲದು.

ಗ್ರಾಮಸಭೆಯ ಮಹತ್ವ ಈಚಿನ ವರ್ಷಗಳಲ್ಲಿ ಹೆಚ್ಚಿದೆ ಎಂದರೂ ತಪ್ಪಲ್ಲ. ರಾಜ್ಯದಲ್ಲಿ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಆ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರ ಚುನಾವಣೆಯ ಮೂಲಕ ದೇಶಕ್ಕೇ ಮಾದರಿಯೆನಿಸಿದ ರಾಜ್ಯದಲ್ಲಿ ಹೀಗಾದದ್ದು ವಿಷಾದದ ಸಂಗತಿ. ಆದರೆ ಗ್ರಾಮಸಭೆಗೆ ಅವಧಿ ಎಂಬುದಿಲ್ಲ. ಸದಸ್ಯರ ಅವಧಿ ಮುಗಿಯಬಹುದು, ಪಂಚಾಯತಿ ವಿಸರ್ಜನೆಯಾಗಬಹುದು. ಮತದಾರರ ಪಟ್ಟಿ ಇರುವ ತನಕ ಗ್ರಾಮಸಭೆ ಇದ್ದೇ ಇರುತ್ತದೆ.

ಎರಡನೆಯ ಬಾಗಿಲು ಮಾಹಿತಿ ಹಕ್ಕು. ಕೇಂದ್ರ ಕಾಯಿದೆ ಬಂದದ್ದು 2005ರಲ್ಲಿ. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯಿದೆ ಮಾಡಿತ್ತು. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹೀಗಾಗಿ ‘ನಮ್ಮೂರಿನ ಎಲ್ಲ ಕಾಮಗಾರಿಗಳ ಎಲ್ಲ ವಿವರ ಕೊಡಿ’ ಎಂದು ಕೇಳುವ ಬದಲು, ಇಂಥ ವರ್ಷ ಇಂಥ ಓಣಿಯ ನೀರಿನ ಪೈಪಿಗೆ ಆದ ಖರ್ಚಿನ ವಿವರ ಕೊಡಿ ಎಂದು ಕೇಳುವುದು ಜಾಣತನ. ಪ್ರತಿಗಳನ್ನಷ್ಟೇ ಅಲ್ಲ, ಕಡತವನ್ನು ಕಣ್ಣಾರೆ ನೋಡಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕೂ ಇದೇ ಕಾಯಿದೆಯಲ್ಲಿದೆ.

ಅರ್ಜಿ ಹಾಕುವ ಮೊದಲು ಸುಮ್ಮನೆ ಕೇಳಿ ನೋಡುವುದೂ ಒಳ್ಳೆಯದು. ಅನೇಕ ವಿವರಗಳನ್ನು ಸರಕಾರವೇ ‘ಮಾಹಿತಿ ಕಣಜ’ದಲ್ಲಿ ಹಾಕಿರುತ್ತದೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಹಳ್ಳಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಊರಿನ ಲೆಕ್ಕದ ಒಂದು ಪ್ರತಿಯನ್ನು ಇಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಒಂದೇ ಪ್ರಶ್ನೆ, ಸರಿಯಾದ ಎಣಿಕೆ

ಇನ್ನು ಕೆಲಸದ ಕ್ರಮ. ಮೊದಲ ಸೂತ್ರ, ಪ್ರಶ್ನೆ ಚಿಕ್ಕದಾಗಿರಬೇಕು. ‘ನಮ್ಮೂರ ಅಭಿವೃದ್ಧಿ’ ಎಂಬುದು ಪ್ರಶ್ನೆಯಲ್ಲ. ‘ನಮ್ಮ ವಾರ್ಡಿನ ನಳಗಳಲ್ಲಿ ಈ ತಿಂಗಳು ಎಷ್ಟು ದಿನ, ಎಷ್ಟು ಹೊತ್ತು ನೀರು ಬಂತು?’ ಎಂಬುದು ಪ್ರಶ್ನೆ. ಮೂವತ್ತು ಸಾಲು ಎಳೆದ ಒಂದು ಹಾಳೆ ಇದಕ್ಕೆ ಸಾಕು. ಊರಿನಲ್ಲಿ 300 ಮನೆಗಳಿದ್ದರೆ ಪ್ರತಿ ಹತ್ತನೇ ಮನೆಯಂತೆ 30 ಮನೆಗಳಿಗೆ ಹೋಗಬಹುದು. ಗೆಳೆಯರ ಮನೆಗಳನ್ನೇ ಆರಿಸಿಕೊಂಡರೆ ಬರುವುದು ಗೆಳೆಯರ ಲೆಕ್ಕವೇ ಹೊರತು ಊರಿನದಲ್ಲ. ಹತ್ತನೆಯದು ಬೀಗ ಹಾಕಿದ ಮನೆಯಾದರೆ ಹನ್ನೊಂದನೆಯದಕ್ಕೆ ಹಾರದೆ, ನೆರೆಯವರನ್ನು ಕೇಳಿ ‘ಗುಳೆ’ ಎಂದು, ಎಲ್ಲಿಗೆ, ಯಾವ ತಿಂಗಳಿನಿಂದ, ಎಷ್ಟು ಜನ ಎಂದು ಬರೆಯಬೇಕು. ಹೊರಗಿನ ಸಮೀಕ್ಷಕನಿಗೆ ಸಾಧ್ಯವಾಗದ್ದು ಇದೇ.

ಈ ನಾಲ್ಕು ತಾಲೂಕುಗಳಲ್ಲಿ ಪ್ರಶ್ನೆಗಳಿಗೇನೂ ಬರವಿಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ತೋಟದಲ್ಲಿ ರೈತನಿಗೆ ಸಿಕ್ಕ ಬೆಲೆ, ಮಾರುಕಟ್ಟೆಯ ಸವಾಲಿನ ಬೆಲೆ, ಸಂತೆಯಲ್ಲಿ ಗಿರಾಕಿ ಕೊಟ್ಟ ಬೆಲೆ ಮೂರನ್ನೂ ಒಂದು ವರ್ಷ ವಾರವಾರ ಬರೆದಿಟ್ಟರೆ, ಆ ಗುರುತಿನ ಲಾಭ ಯಾರಿಗೆ ಎಂಬುದು ತಾನೇ ಗೊತ್ತಾಗುತ್ತದೆ. ಕಾಲುವೆಯ ಕೊನೆಯ ಹಳ್ಳಿಗಳಲ್ಲಿ ನೀರು ಎಷ್ಟು ದಿನ ತಲುಪಿತು ಎಂಬ ದಿನಚರಿಗೂ ಅಷ್ಟೇ ಬೆಲೆಯಿದೆ.

ಸಿಂದಗಿ ಭಾಗಕ್ಕೆ ಗುಳೆಯ ಪ್ರಶ್ನೆ ದೊಡ್ಡದು. ಶಾಲೆಯ ಹಾಜರಿ ಪುಸ್ತಕದಲ್ಲಿ ಜುಲೈ ತಿಂಗಳ ಮಕ್ಕಳ ಸಂಖ್ಯೆ ಎಷ್ಟು, ಜನವರಿಯಲ್ಲಿ ಎಷ್ಟು? ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳ ಹೆಸರು ಬರೆಯದೆ ಸಂಖ್ಯೆಯನ್ನಷ್ಟೇ ಬರೆದುಕೊಂಡರೂ ಋತುಮಾನದ ವಲಸೆಯ ಒಂದು ನಿಚ್ಚಳ ಚಿತ್ರ ಸಿಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಮುಂದೆ ಆ ಎರಡು ಅಂಕಿಗಳನ್ನು ಇಟ್ಟರೆ, ಗುಳೆ ಹೋಗುವವರ ಮಕ್ಕಳಿಗೆ ಊರಲ್ಲೇ ಋತುಮಾನದ ವಸತಿ ವ್ಯವಸ್ಥೆ ಬೇಕೆಂದು ಕೇಳಲು ಆಧಾರ ಸಿಕ್ಕಂತಾಯಿತು.

ಮುದ್ದೇಬಿಹಾಳ, ತಾಳಿಕೋಟೆ ಕಡೆ ಪ್ರಶ್ನೆ ನೀರಿನ ಗುಣದ್ದು. ಡೋಣಿ ಸಾಲಿನ ಎರಿ ಭೂಮಿ ಜೋಳಕ್ಕೆ ಹೆಸರಾದದ್ದು, ಡೋಣಿಯ ನೀರು ಉಪ್ಪಿಗೆ. ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಅಂಶದ ದೂರುಗಳೂ ಇವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು ಎಂಬುದು ನಿಗದಿತ ಮಿತಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಿಗೆ ನೀರು ಪರೀಕ್ಷಾ ಪೆಟ್ಟಿಗೆಗಳನ್ನು ಒದಗಿಸಲಾಗಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಬಳಸಿ, ಸಂಶಯ ಬಂದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ಪಂಚಾಯತಿಯನ್ನು ಕೇಳಬಹುದು. ಕಾಲುವೆ ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳ ಸರ್ವೆ ನಂಬರುಗಳನ್ನು ಪಟ್ಟಿ ಮಾಡುವುದು ಭೂಗೋಳದ ವಿದ್ಯಾರ್ಥಿಗಳಿಗೆ ಹೇಳಿಸಿದ ಕೆಲಸ.

ಹಳೆಯ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಹಿನ್ನೀರಿಗೆ ಊರು ಕೊಟ್ಟವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಆ ಕೇಂದ್ರಗಳಿಗೆ ಕೊಡುತ್ತೇವೆಂದ ಸೌಲಭ್ಯಗಳ ಪಟ್ಟಿ ಕಡತದಲ್ಲಿದೆ. ಶಾಲೆ, ಸ್ಮಶಾನ, ರಸ್ತೆ, ಹಕ್ಕುಪತ್ರ ಎಂದು ಒಂದೊಂದನ್ನೂ ಸ್ಥಳದಲ್ಲಿ ನೋಡಿ ‘ಇದೆ’, ‘ಇಲ್ಲ’, ‘ಇದ್ದೂ ಕೆಟ್ಟಿದೆ’ ಎಂದು ಗುರುತು ಹಾಕುವುದು ಹತ್ತು ವಿದ್ಯಾರ್ಥಿಗಳ ಒಂದು ಭಾನುವಾರದ ಕೆಲಸ.

ಲೆಕ್ಕವಾದ ಮೇಲೆ ಎರಡು ಪುಟದ ವರದಿ ಸಾಕು. ಯಾವ ದಿನ ಎಣಿಸಿದ್ದು, ಎಷ್ಟು ಮನೆ, ಏನು ಕಂಡಿತು, ಸರಕಾರದ ಕಾಗದ ಏನು ಹೇಳುತ್ತದೆ, ನಮ್ಮ ಬೇಡಿಕೆ ಏನು, ಇಷ್ಟೇ. ಅದನ್ನು ವಾರ್ಡ್ ಸಭೆಯಲ್ಲಿ ಓದಿ, ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಠರಾವಿನಲ್ಲಿ ಸೇರಿತೇ ಎಂದು ನಡಾವಳಿ ಪುಸ್ತಕ ನೋಡಬೇಕು. ಪಂಚಾಯತಿಯ ವಾರ್ಷಿಕ ಅಭಿವೃದ್ಧಿ ಯೋಜನೆ ತಯಾರಾಗುವ ಹೊತ್ತಿಗೆ ಇದು ನಡೆದರೆ ಫಲ ಹೆಚ್ಚು. ಕೇರಳದಲ್ಲಿ 1996ರಲ್ಲಿ ಜನತಾ ಯೋಜನೆ ಆರಂಭವಾದಾಗ ಪ್ರತಿ ಪಂಚಾಯತಿಯೂ ಮೊದಲು ತನ್ನ ಸ್ಥಿತಿಗತಿಯ ವರದಿ ಬರೆದುಕೊಂಡಿತು, ಆಮೇಲೆ ಯೋಜನೆ ಮಾಡಿತು. ಬರೆದವರಲ್ಲಿ ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು ಎಲ್ಲರೂ ಇದ್ದರು.

ತೊಡಕುಗಳೂ ಉಂಟು

ಇದೆಲ್ಲ ಹೇಳಿದಷ್ಟು ಸುಲಭವಲ್ಲ. ‘ನೀನು ಯಾರ ಪಾರ್ಟಿ?’ ಎಂಬುದು ಹಳ್ಳಿಯಲ್ಲಿ ಬರುವ ಮೊದಲ ಪ್ರಶ್ನೆ. ನೀರಿನ ಲೆಕ್ಕ ಬರೆದವನನ್ನು ಎದುರು ಪಕ್ಷದವನೆಂದು ತಿಳಿಯುವ ಸದಸ್ಯರಿದ್ದಾರೆ. ಹುಡುಗಿಯರು ಪರಿಚಯವಿಲ್ಲದ ಓಣಿಗೆ ಒಬ್ಬರೇ ಹೋಗುವುದನ್ನು ಮನೆಯವರು ಒಪ್ಪುವುದಿಲ್ಲ. ಮೇಲ್ಕೇರಿಯ ಹುಡುಗ ಕೆಳಕೇರಿಗೆ ಹೋಗದೆ ಬಾಗಿಲಲ್ಲೇ ನಿಂತು ಕೇಳಿ ಬರುವುದೂ, ಅವನೆದುರು ಅವರು ಮನಸ್ಸು ಬಿಚ್ಚದಿರುವುದೂ ಉಂಟು. ಇದಕ್ಕೆ ಪರಿಹಾರ ಒಬ್ಬೊಬ್ಬರೇ ಹೋಗದೆ, ಬೇರೆ ಬೇರೆ ಓಣಿಯ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ಹೋಗುವುದು, ಅಧ್ಯಾಪಕರೊಬ್ಬರು ಜೊತೆಗಿರುವುದು. ಕಾಲೇಜಿನ ಪತ್ರವೊಂದು ಕೈಯಲ್ಲಿದ್ದರೆ ಅರ್ಧ ಅನುಮಾನ ನೀಗುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಯೊಬ್ಬ ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಅದರಲ್ಲಿ 20 ಗಂಟೆಯನ್ನು ಎಣಿಕೆಗೆ ಮೀಸಲಿಟ್ಟರೂ ಸಾಕಾದೀತು. ಕಾಲೇಜುಗಳು ಕನಿಷ್ಠ ಐದು ಹಳ್ಳಿಗಳನ್ನು ಆರಿಸಿಕೊಂಡು ಅಲ್ಲಿ ಕೆಲಸ ಮಾಡುವ ಉನ್ನತ ಭಾರತ ಅಭಿಯಾನದಲ್ಲಿಯೂ ಇದಕ್ಕೆ ಅವಕಾಶವಿದೆ.

ವಿದ್ಯಾರ್ಥಿಗಳು ಪಾಲಿಸಲೇಬೇಕಾದ ಮರ್ಯಾದೆಗಳೂ ಇವೆ. ಒಪ್ಪಿಗೆ ಇಲ್ಲದೆ ಯಾರ ಮನೆಯ ವಿವರವನ್ನೂ ಬರೆಯಬಾರದು. ಸಾಲ, ಕಾಯಿಲೆ, ಬಾಲ್ಯವಿವಾಹದಂಥ ವಿಷಯಗಳಲ್ಲಿ ವರದಿಯಲ್ಲಿ ಹೆಸರು ಬರಕೂಡದು. 30 ಮನೆ ನೋಡಿ ಇಡೀ ತಾಲೂಕಿನ ಬಗ್ಗೆ ತೀರ್ಪು ಕೊಡಬಾರದು. ತಾನು ಅಂದುಕೊಂಡದ್ದಕ್ಕೆ ವಿರುದ್ಧವಾದ ಅಂಕಿ ಬಂದರೆ ಅದನ್ನೂ ಬರೆಯಬೇಕು. ಪಂಚಾಯತಿ ಒಳ್ಳೆಯ ಕೆಲಸ ಮಾಡಿದ್ದರೆ ಅದೂ ದಾಖಲಾಗಬೇಕು. ಆಗ ಮುಂದಿನ ಬಾರಿ ಕಚೇರಿಯ ಬಾಗಿಲಲ್ಲಿ ಸಂಶಯದ ನೋಟ ಕಡಿಮೆಯಾಗುತ್ತದೆ.

ಒಂದೇ ಠರಾವಿನಿಂದ ನೀರು ಹರಿದು ಬಂದೀತು ಎಂಬ ಭ್ರಮೆಯೂ ಬೇಡ. ಮೊದಲ ಸಲ ನಗಬಹುದು, ಎರಡನೇ ಸಲ ‘ನೋಡೋಣ’ ಎನ್ನಬಹುದು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳಿಗಾಗಿ ಮನೆ ಮನೆ, ಮಠ ಮಠ ಅಲೆದವರು. ಪೂಜೆಗೆ ಇಟ್ಟ ಕಟ್ಟುಗಳನ್ನು ಬಿಚ್ಚಿ ಓದಲು ಒಪ್ಪಿಸುವುದು ಸುಲಭವಿರಲಿಲ್ಲ. ‘ವಚನಶಾಸ್ತ್ರ ಸಾರ’ದ ಮೊದಲ ಸಂಪುಟ 1923ರಲ್ಲಿ ಹೊರಬರುವ ಹೊತ್ತಿಗೆ ಅವರು ಎಷ್ಟೋ ವರ್ಷ ಆ ಕೆಲಸದಲ್ಲಿ ಸವೆದಿದ್ದರು. ಬಾಗೇವಾಡಿಯ ಬಸವಣ್ಣನ ಮಾತು ಇಂದು ಶಾಲೆಯ ಪುಸ್ತಕದಲ್ಲಿ ನಮಗೆ ಸಿಗುತ್ತಿರುವುದು ಇದೇ ಜಿಲ್ಲೆಯಲ್ಲಿ ಒಬ್ಬರು ಬಾಗಿಲು ಬಾಗಿಲಿಗೆ ಹೋಗಿ ಕೇಳಿದ್ದರಿಂದ.

ಬೀಗ ಹಾಕಿದ ಮನೆಯ ಅಜ್ಜಿಗೆ ಪಿಂಚಣಿ ಬರುತ್ತಿದೆಯೇ, ಪಡಿತರ ತರಲು ಯಾರಾದರೂ ಇದ್ದಾರೆಯೇ ಎಂಬುದನ್ನು ಈ ವರ್ಷದ ಹಂಗಾಮಿನಲ್ಲಿ ಎಣಿಸಬಲ್ಲವರು ನಾಳೆ ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಹೊರಟಿರುತ್ತಾರೆ. ಸಂಜೆ ಊರಿಗೆ ಇಳಿದಾಗ ಪಂಚಾಯತಿ ಕಚೇರಿ ಇನ್ನೂ ತೆರೆದಿದ್ದರೆ, ಒಳಗೆ ಹೋಗಿ ಒಂದು ಮಾತು ಕೇಳಿ ಬರಲಿ: ಮುಂದಿನ ವಾರ್ಡ್ ಸಭೆ ಯಾವಾಗ?